ನಮ್ಮವ್ವನ ಹೆಸರಿಲ್ಲದ ಲಗ್ನಪತ್ರಿಕೆ

ಲಗ್ನದ ಸುಗ್ಗಿ ಬಂತೆಂದರೆ ನಮ್ಮ ಬೆಳಗಾವಿ ಕಡೆಯ ಹಳ್ಳಿಗಳಲ್ಲಿ ಪ್ರತಿ ಮನೆಯ ಕಂಬದ ಮೊಳೆಗೆ ಹತ್ತು-ಹದಿನೈದು ಪತ್ರಿಕೆ ಸಿಕ್ಕಿಸಿರುತ್ತಾರೆ. ಅದರ ದುಪ್ಪಟ್ಟು ಈಗ ವಾಟ್ಸಾಪಿನಲ್ಲಿ ಬರುತ್ತವೆ. ಪತ್ರಿಕೆ ಕೈಗೆ ಬಂದ ಕೂಡಲೇ ನಾವು ನೋಡುವುದು ಮೂರೇ ಸಂಗತಿ. ಯಾರ ಲಗ್ನ, ಯಾವತ್ತು, ಎಲ್ಲಿ. ಊಟ ಎಷ್ಟೊತ್ತಿಗೆ ಅನ್ನೋದು ನಾಲ್ಕನೆಯದು. ಉಳಿದ ಸಾಲುಗಳನ್ನು ಓದುವವರು ಕಡಿಮೆ. ಅದರಲ್ಲೂ ಹೆಸರಿನ ಮುಂದಿರುವ ಚಿ., ಸೌ., ದಿ. ಎಂಬ ಸಣ್ಣ ಅಕ್ಷರಗಳನ್ನು ನಾವು ಯಾರೂ ಓದುವುದೇ ಇಲ್ಲ.

ನಾನೂ ಓದಿರಲಿಲ್ಲ. ಓದದೇ ಇದ್ದದ್ದಕ್ಕೆ ಏನಾಯಿತು ಅನ್ನೋದನ್ನು ಮೊದಲು ಹೇಳಿಬಿಡುತ್ತೇನೆ.

ಎಂಟು ವರ್ಷದ ಹಿಂದೆ ನನ್ನ ತಂಗಿಯ ಲಗ್ನ. ಅಷ್ಟೊತ್ತಿಗೆ ಅಪ್ಪ ತೀರಿಕೊಂಡು ಆರು ವರ್ಷವಾಗಿತ್ತು. ನಾನು ಪತ್ರಿಕೋದ್ಯಮದ ಡಿಪ್ಲೊಮಾ ಮುಗಿಸಿ ಸ್ಟ್ರಿಂಗರ್ ಆಗಿ ಸುದ್ದಿ ಕಳಿಸಲು ಶುರು ಮಾಡಿದ್ದೆ. "ನೀ ಪೇಪರಿನಾಗ ಬರಿಯಾಂವ, ಪತ್ರಿಕಿ ಕೆಲಸ ನೀನ ನೋಡ್ಕೊ" ಅಂದರು ಕಾಕಾ. ತಾಲ್ಲೂಕಿನ ಒಂದು ಪ್ರೆಸ್ಸಿಗೆ ಹೋದೆ. ಕಂಪ್ಯೂಟರ್ ಮುಂದೆ ಕುಂತಿದ್ದ ಹುಡುಗ ಹಳೆಯ ಫೈಲ್ ಒಂದನ್ನು ತೆಗೆದ. "ಇದರಾಗ ಹೆಸರ ಬದಲ ಮಾಡೂಣ್ರಿ, ಲಗೂನ ಆಕ್ಕೈತಿ" ಅಂದ. ಮೊದಲ ಸಾಲಿನಲ್ಲಿ 'ಶ್ರೀ ಇಂಥವರು ಮತ್ತು ಸೌ. ಇಂಥವರು ಮಾಡುವ ವಿಜ್ಞಾಪನೆಗಳು' ಅಂತಿತ್ತು. "ಅಪ್ಪಾರ ಇಲ್ಲಲ್ರಿ? ಹಂಗಾರ ಕಾಕಾರದು, ಚಿಗವ್ವಾರದು ಹಾಕೂಣು" ಅಂದ. ನಾನು ಹೂಂ ಅಂದೆ. ತಂಗಿಯ ಹೆಸರಿನ ಕೆಳಗೆ 'ದಿ. ಇಂಥವರ ಕನಿಷ್ಠ ಸುಪುತ್ರಿ' ಅಂತ ಅಪ್ಪನ ಹೆಸರು ಬಂತು.

ಪ್ರೂಫ್ ಕೊಟ್ಟ. ಸುದ್ದಿ ತಿದ್ದಿದ ಹಾಗೆಯೇ ತಿದ್ದಿದೆ. ತಾರೀಖು, ವಾರ, ಕಲ್ಯಾಣ ಮಂಟಪದ ಹೆಸರು, ಫೋನ್ ನಂಬರು, ಅಳಿಯನ ಡಿಗ್ರಿ, ಎಲ್ಲಾ ಸರಿ ಇದ್ದವು. ಏಳುನೂರು ಪ್ರತಿ ಅಚ್ಚಾದವು.

ಕಟ್ಟು ಮನೆಗೆ ಬಂತು. ಮೊದಲ ಪತ್ರಿಕೆಯ ಮೂಲೆಗೆ ಅರಿಷಿಣ ಹಚ್ಚಿ ದೇವರ ಮುಂದೆ ಇಟ್ಟದ್ದಾಯಿತು. ಅವ್ವ ಇನ್ನೊಂದನ್ನು ತಗೊಂಡು ಬಾಗಿಲ ಬೆಳಕಿಗೆ ಹೋದಳು. ಆಕೆ ನಾಲ್ಕನೇತ್ತೆ ಕಲಿತಾಕೆ. ಬೆರಳಿಟ್ಟು ಒಂದೊಂದೇ ಅಕ್ಷರ ಓದಿದಳು. ಎರಡು ಸಲ ಓದಿದಳು. ಆಮೇಲೆ ನನ್ನ ಕಡೆ ಚಾಚಿ, "ನಂದ ಎಲ್ಲಿ ಬರದಾರೋ?" ಅಂದಳು.

ನಾನು ಹುಡುಕಿದೆ. ಮುಂದಿನ ಪುಟ, ಹಿಂದಿನ ಪುಟ, 'ಸುಖಾಗಮನ ಬಯಸುವವರು' ಅಂತ ಕೆಳಗಿದ್ದ ಇಪ್ಪತ್ತೆರಡು ಗಂಡಸರ ಹೆಸರು, 'ನಮ್ಮ ಅಕ್ಕನ ಲಗ್ನಕ್ಕೆ ತಪ್ಪದೇ ಬರ್ರಿ' ಅಂತ ಇದ್ದ ಸಣ್ಣ ಮಕ್ಕಳ ಹೆಸರು, ಎಲ್ಲಾ ನೋಡಿದೆ. ಆರು ವರ್ಷದ ಹಿಂದೆ ಸತ್ತ ಅಪ್ಪ ಇದ್ದ. ಹೊಲದ ಕೆಲಸ ಮಾಡಿ ಮಗಳನ್ನು ಓದಿಸಿದ ಅವ್ವ ಎಲ್ಲಿಯೂ ಇರಲಿಲ್ಲ.

"ಇರ್ಲಿ ಬಿಡು. ಅಚ್ಚ ಆಗೇತಿ. ರೊಕ್ಕಾನೂ ಕೊಟ್ಟ ಬಂದಿ" ಅಂದು ಅವ್ವ ಒಳಗೆ ಹೋದಳು. ಆಮೇಲೆ ಆ ಮಾತು ಎತ್ತಲಿಲ್ಲ. ಊರಲ್ಲಿ ಮನೆಮನೆಗೆ ಕುಂಕುಮ ಹಚ್ಚಿ ಕರೆಯಲು ಹೋದವರು ಚಿಗವ್ವ. ಗಂಡ ಇಲ್ಲದಾಕೆ ಅದಕ್ಕೂ ಹೋಗುವಂತಿಲ್ಲವಲ್ಲ.

ಅವತ್ತಿನಿಂದ ನಾನು ಲಗ್ನಪತ್ರಿಕೆಗಳನ್ನು ಪೂರ್ತಿ ಓದುತ್ತೇನೆ. ಓದುತ್ತಾ ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನೀವೂ ಒಂದು ಪತ್ರಿಕೆ ಮುಂದಿಟ್ಟುಕೊಂಡು ನೋಡುತ್ತಾ ಬನ್ನಿ.

ಮೇಲಿನ ಸಾಲುಗಳು

ಮೊದಲು ಹೆಸರಿನಿಂದಲೇ ಶುರು ಮಾಡೋಣ. 'ಲಗ್ನ' ಅಂದರೆ ಮೂಲದಲ್ಲಿ ಮದುವೆ ಅಲ್ಲ, ಒಂದು ಹೊತ್ತು. ಆ ಗಳಿಗೆಯಲ್ಲಿ ಪೂರ್ವ ದಿಕ್ಕಿನಲ್ಲಿ ಉದಯಿಸುವ ರಾಶಿಗೆ ಲಗ್ನ ಅನ್ನುತ್ತಾರೆ. ಹನ್ನೆರಡು ರಾಶಿ ಒಂದು ಹಗಲು-ರಾತ್ರಿಯಲ್ಲಿ ಸುತ್ತಿ ಬರುವುದರಿಂದ ಒಂದೊಂದು ಲಗ್ನ ಸುಮಾರು ಎರಡು ತಾಸು. ಪತ್ರಿಕೆಯಲ್ಲಿ 'ವೃಷಭ ಲಗ್ನದಲ್ಲಿ', 'ಸಿಂಹ ಲಗ್ನದಲ್ಲಿ' ಅಂತ ಇರುವುದು ಇದೇ. ಹಿಂದೆ ನಿಶ್ಚಯದ ದಿನ ಪುರೋಹಿತರು ಈ ಹೊತ್ತನ್ನು ಗೊತ್ತುಮಾಡಿ ಬರೆದುಕೊಡುತ್ತಿದ್ದ ಹಾಳೆಯೇ ಲಗ್ನಪತ್ರಿಕೆ. ಈಗಲೂ ಅನೇಕ ಕಡೆ ಬರೆಯುತ್ತಾರೆ. ನಾವು ಹಂಚುವ ಬಣ್ಣದ ಕಾರ್ಡು ನಿಜವಾಗಿ ಕರೆಯೋಲೆ, ಆಮಂತ್ರಣ. ಹೆಸರು ಮಾತ್ರ ಹಳೆಯದೇ ಉಳಿದಿದೆ.

ಪತ್ರಿಕೆಯ ನೆತ್ತಿಯ ಮೇಲೆ ಮನೆದೇವರ ಹೆಸರು, ಅದರ ಮುಂದೆ 'ಪ್ರಸನ್ನ'. ದೇವರು ಪ್ರಸನ್ನನಾಗಲಿ, ಒಲಿಯಲಿ ಅಂತ ಅರ್ಥ. ಮುಸ್ಲಿಂ ಮನೆಯ ಪತ್ರಿಕೆಯಲ್ಲಿ 786 ಅಂತ ಇರುತ್ತದೆ. ಅದು ಬಿಸ್ಮಿಲ್ಲಾ ವಾಕ್ಯದ ಅರಬ್ಬಿ ಅಕ್ಷರಗಳಿಗೆ ಇರುವ ಬೆಲೆಯನ್ನು ಕೂಡಿಸಿದಾಗ ಬರುವ ಸಂಖ್ಯೆ. ಅಲ್ಲಿ 'ನಿಕಾಹ್' ಅಂದರೆ ಮದುವೆಯ ಕರಾರು, 'ವಲೀಮಾ' ಅಂದರೆ ಆಮೇಲೆ ಗಂಡಿನ ಕಡೆಯವರು ಕೊಡುವ ಊಟ. ಎರಡೂ ಬೇರೆ ಬೇರೆ ದಿನ, ಬೇರೆ ಬೇರೆ ಊರಿನಲ್ಲಿ ಇರಬಹುದು. ಹೋಗುವ ಮೊದಲು ಯಾವುದಕ್ಕೆ ಕರೆದಿದ್ದಾರೆ ಅಂತ ನೋಡಿಕೊಳ್ಳಿ.

ಅದರ ಕೆಳಗೆ ಪಂಚಾಂಗದ ಉದ್ದ ಸಾಲು. 2025ರ ಏಪ್ರಿಲ್ 30ರ ಒಂದು ಪತ್ರಿಕೆಯನ್ನು ತಗೊಳ್ಳೋಣ. 'ಸ್ವಸ್ತಿ ಶ್ರೀ ನೃಪ ಶಾಲಿವಾಹನ ಶಕೆ 1947, ವಿಶ್ವಾವಸು ನಾಮ ಸಂವತ್ಸರ, ವೈಶಾಖ ಶುದ್ಧ ತೃತೀಯಾ, ಬುಧವಾರ'. ಬಿಡಿಸಿದರೆ ಕಷ್ಟ ಏನಿಲ್ಲ. ಸ್ವಸ್ತಿ ಅಂದರೆ ಒಳ್ಳೆಯದಾಗಲಿ. ನೃಪ ಅಂದರೆ ರಾಜ. ಶಾಲಿವಾಹನ ಶಕೆಗೆ 78 ಕೂಡಿಸಿದರೆ ಯುಗಾದಿಯಿಂದ ಡಿಸೆಂಬರ್‌ವರೆಗೆ ನಮ್ಮ ಕ್ಯಾಲೆಂಡರಿನ ಇಸವಿ ಸಿಗುತ್ತದೆ, ಜನವರಿಯಿಂದ ಮುಂದಿನ ಯುಗಾದಿವರೆಗೆ 79 ಕೂಡಿಸಬೇಕು. ಸಂವತ್ಸರಗಳು ಒಟ್ಟು 60, ಪ್ರಭವದಿಂದ ಶುರುವಾಗಿ ಸುತ್ತುತ್ತಲೇ ಇರುತ್ತವೆ. ಶುದ್ಧ ಅಥವಾ ಶುಕ್ಲ ಅಂದರೆ ಅಮಾವಾಸ್ಯೆ ಕಳೆದು ಚಂದ್ರ ಬೆಳೆಯುವ ಹದಿನೈದು ದಿನ. ವದ್ಯ, ಬಹುಳ, ಕೃಷ್ಣ ಅಂದರೆ ಹುಣ್ಣಿಮೆ ಕಳೆದು ಇಳಿಯುವ ಹದಿನೈದು ದಿನ. ತೃತೀಯಾ ಅಂದರೆ ಮೂರನೆಯ ದಿನ. ವೈಶಾಖ ಶುದ್ಧ ತದಿಗೆ ಅಂದರೆ ಅಕ್ಷಯ ತದಿಗೆ, ಅವತ್ತೇ ಬಸವ ಜಯಂತಿ.

ಹೊತ್ತಿನ ಹೆಸರುಗಳಲ್ಲಿ ಎರಡು ಗೊತ್ತಿದ್ದರೆ ಸಾಕು. 'ಅಭಿಜಿನ್' ಅಥವಾ 'ಅಭಿಜಿತ್' ಅಂದರೆ ನಡು ಮಧ್ಯಾಹ್ನ. ಹಗಲನ್ನು ಹದಿನೈದು ಭಾಗ ಮಾಡಿದರೆ ಎಂಟನೆಯ ಭಾಗ, ಸುಮಾರು 48 ನಿಮಿಷ. 'ಗೋಧೂಳಿ' ಅಥವಾ 'ಗೋರಜ' ಅಂದರೆ ದನ ಮನೆಗೆ ಬರುವಾಗ ಧೂಳು ಏಳುವ ಸಂಜೆ ಹೊತ್ತು.

ಊರು ಬದಲಾದರೆ ಮಾತೂ ಬದಲು. ನಮ್ಮ ಕಡೆ ಹಂದರ, ಮೈಸೂರು ಕಡೆ ಚಪ್ಪರ. ನಮ್ಮಲ್ಲಿ ಅಕ್ಕಿಕಾಳು ಬೀಳುವ ಹೊತ್ತು ಅಂದರೆ, ಅಲ್ಲಿ ಧಾರಾ ಮುಹೂರ್ತ, ಮಾಂಗಲ್ಯಧಾರಣೆ. ಬೆಂಗಳೂರು, ಮೈಸೂರು ಕಡೆಯ ಪತ್ರಿಕೆಯಲ್ಲಿ 'ಆರತಕ್ಷತೆ' ಅಂತ ಕಂಡರೆ ಅದು ರಿಸೆಪ್ಶನ್. ಬಹಳ ಸಲ ಮುಹೂರ್ತದ ಹಿಂದಿನ ಸಂಜೆಯೇ ಇರುತ್ತದೆ. 'ಸಾ.' ಅಂದರೆ ಸಾಕಿನ್, ವಾಸವಿರುವ ಊರು. 'ಮು.' ಅಂದರೆ ಮುಕ್ಕಾಮ್. 'ವೇ.ಮೂ.' ಅಂದರೆ ವೇದಮೂರ್ತಿ, ಲಗ್ನ ಮಾಡಿಸುವ ಪುರೋಹಿತರು. 'ಆಶೀರ್ವಾದವೇ ಉಡುಗೊರೆ' ಅಂದರೆ ಮುಯ್ಯಿ, ಆಹೇರಿ ತರಬೇಡಿ ಅಂತ. ಇದನ್ನು ಮಾತ್ರ ಎಲ್ಲರೂ ಬೇಗ ಓದುತ್ತಾರೆ!

ಇಷ್ಟು ಗೊತ್ತಿಲ್ಲದಿದ್ದರೂ ಯಾರಿಗೂ ನಷ್ಟವಿಲ್ಲ. ಹೆಚ್ಚೆಂದರೆ ಊಟ ತಪ್ಪೀತು. ಇನ್ನು ಮುಂದೆ ಬರುವುದು ಹಾಗಲ್ಲ.

ಹೆಸರಿನ ಮುಂದಿನ ಅಕ್ಷರಗಳು

ವರನ ಹೆಸರಿನ ಮುಂದೆ 'ಚಿ.' ಇರುತ್ತದೆ. ಚಿರಂಜೀವಿ, ಬಹಳ ಕಾಲ ಬಾಳಲಿ ಅಂತ ಹರಕೆ. ವಧುವಿನ ಹೆಸರಿನ ಮುಂದೆ 'ಚಿ. ಕುಂ. ಸೌ.' ಅಥವಾ 'ಚಿ. ಕುಂ. ಶೋ.' ಇರುತ್ತದೆ. ಚಿರಂಜೀವಿ, ಕುಂಕುಮ ಸೌಭಾಗ್ಯವತಿ, ಕುಂಕುಮ ಶೋಭಿತೆ. ಗಡಿಯಲ್ಲಿ ಮರಾಠಿ ಮಾತಾಡುವವರು 'ಚಿ. ಸೌ. ಕಾಂ.' ಅಂತ ಹಾಕುತ್ತಾರೆ, ಸೌಭಾಗ್ಯಕಾಂಕ್ಷಿಣಿ, ಸೌಭಾಗ್ಯ ಬಯಸುವವಳು.

ಇಲ್ಲಿ ಸ್ವಲ್ಪ ನಿಲ್ಲಿ. ಹುಡುಗನಿಗೆ ಹರಸಿದ್ದು ಅವನ ಆಯುಷ್ಯ. ಹುಡುಗಿಗೆ ಅವಳ ಆಯುಷ್ಯದ ಜೊತೆ ಕುಂಕುಮವನ್ನೂ ಹರಸಿದ್ದಾರೆ. ಅಂದರೆ ಅದೂ ಅವನ ಆಯುಷ್ಯವೇ.

ಮದುವೆಯಾದ ಹೆಂಗಸಿನ ಹೆಸರಿನ ಮುಂದೆ 'ಸೌ.' ಬರುತ್ತದೆ, ಸೌಭಾಗ್ಯವತಿ. ಗಂಡ ಬದುಕಿದ್ದಾನೆ ಅಂತ ಅರ್ಥ. ಗಂಡ ಸತ್ತರೆ ಈ ಅಕ್ಷರ ತೆಗೆಯುತ್ತಾರೆ. ಗಡಿ ಭಾಗದ ಪತ್ರಿಕೆಗಳಲ್ಲಿ ಆಗ 'ಗಂ.ಭಾ.' ಅಂತ ಬರುತ್ತದೆ. ಗಂಗಾ ಭಾಗೀರಥಿ. ಕೇಳಲು ಗೌರವದ ಮಾತು, ಗಂಗೆಯಷ್ಟು ಪವಿತ್ರ ಅಂತ. ಆದರೆ ಅದನ್ನು ಕಂಡ ಕೂಡಲೇ ಓದುವವನಿಗೆ ತಿಳಿಯುವುದು ಒಂದೇ, ಈಕೆಗೆ ಗಂಡನಿಲ್ಲ. ಕೆಲವು ಕಡೆ 'ಶ್ರೀಮತಿ' ಅನ್ನುವ ಮಾತನ್ನೂ ಇದೇ ಅರ್ಥದಲ್ಲಿ ಬಳಸುತ್ತಾರೆ. ಗಂಡ ಇದ್ದವರಿಗೆ ಸೌ., ಇಲ್ಲದವರಿಗೆ ಶ್ರೀಮತಿ.

ಈಗ ಗಂಡಸರ ಸಾಲು ನೋಡಿ. ಮದುವೆಗೆ ಮುಂಚೆ 'ಶ್ರೀ', ಮದುವೆಯಾದ ಮೇಲೆ 'ಶ್ರೀ', ಹೆಂಡತಿ ತೀರಿಕೊಂಡ ಮೇಲೂ 'ಶ್ರೀ'. ಅವನ ಹೆಂಡತಿ ಇದ್ದಾಳೋ ಇಲ್ಲವೋ ಅಂತ ಸಾರುವ ಅಕ್ಷರವನ್ನು ಯಾವ ಪ್ರೆಸ್ಸಿನ ಫೈಲಿನಲ್ಲೂ ನಾನು ಕಂಡಿಲ್ಲ.

ತೀರಿಕೊಂಡವರಿಗೂ ಅಕ್ಷರಗಳಿವೆ. 'ದಿ.' ಅಂದರೆ ದಿವಂಗತ, 'ಲಿಂ.' ಅಂದರೆ ಲಿಂಗೈಕ್ಯ, 'ಕೈ.' ಅಂದರೆ ಕೈಲಾಸವಾಸಿ, ಮುಸ್ಲಿಂ ಮನೆಗಳಲ್ಲಿ ಮರ್ಹೂಂ. ಸತ್ತ ಗಂಡಸಿಗೆ ಪತ್ರಿಕೆಯಲ್ಲಿ ಜಾಗ ಇದ್ದೇ ಇರುತ್ತದೆ, ಗೌರವದಿಂದಲೇ ಇರುತ್ತದೆ. ಇರಲಿ, ಅದು ಬೇಕು ಕೂಡ. ನಮ್ಮ ಅಪ್ಪನ ಹೆಸರು ಆ ಪತ್ರಿಕೆಯಲ್ಲಿ ಇದ್ದದ್ದಕ್ಕೆ ನನಗೆ ಸಂತೋಷವೇ.

ಒಂದು ಮಾತು ನಡುವೆ. 'ಕನಿಷ್ಠ ಸುಪುತ್ರಿ' ಅಂತ ಓದಿ ಬೇಜಾರು ಮಾಡಿಕೊಂಡವರನ್ನು ನೋಡಿದ್ದೇನೆ. ಅಲ್ಲಿ ಕನಿಷ್ಠ ಅಂದರೆ ಕಡೆಯ ಮಗಳು, ಕಡಿಮೆಯವಳಲ್ಲ. ಜ್ಯೇಷ್ಠ ಅಂದರೆ ಹಿರಿಯ. ಪೌತ್ರ ಅಂದರೆ ಮಗನ ಮಗ, ದೌಹಿತ್ರ ಅಂದರೆ ಮಗಳ ಮಗ.

ಅವ್ವನ ಹೆಸರು ಯಾಕೆ ಬಿಟ್ಟುಹೋಗುತ್ತದೆ

ನಮ್ಮ ಮನೆಯಲ್ಲಿ ಯಾರೂ ಕುಂತು 'ಆಕೆಯ ಹೆಸರು ಬೇಡ' ಅಂತ ತೀರ್ಮಾನ ಮಾಡಿರಲಿಲ್ಲ. ಕಾಕಾ ಕೆಟ್ಟವರಲ್ಲ. ತಂಗಿಯ ಲಗ್ನಕ್ಕೆ ಓಡಾಡಿದವರು, ಸಾಲಕ್ಕೆ ಜಾಮೀನು ನಿಂತವರು ಅವರೇ. ಪ್ರೆಸ್ಸಿನ ಹುಡುಗ ಕೂಡ ತನ್ನ ಕೆಲಸ ಮಾಡಿದ. ಆದರೆ ಫೈಲಿನಲ್ಲಿ ಇದ್ದದ್ದು 'ಶ್ರೀ ಮತ್ತು ಸೌ.' ಅನ್ನುವ ಜೋಡಿ ಮಾತ್ರ. ಜೋಡಿಯಲ್ಲಿ ಒಬ್ಬರು ಇಲ್ಲದಿದ್ದರೆ ಇನ್ನೊಬ್ಬರಿಗೆ ಅಲ್ಲಿ ಜಾಗವೇ ಇಲ್ಲ. ಅದಕ್ಕೆ ಬೇರೆ ಪೂರ್ತಿ ಜೋಡಿಯನ್ನು ತಂದು ಕೂರಿಸುತ್ತಾರೆ. ಕೆಳಗಿನ 'ದಿ. ಇಂಥವರ ಸುಪುತ್ರಿ' ಸಾಲು ಗಂಡಸಿನ ಹೆಸರನ್ನೇ ಕೇಳುತ್ತದೆ. ಹೀಗೆ ಎರಡು ಕಡೆಯಿಂದಲೂ ಅವ್ವ ಹೊರಗೆ ಉಳಿಯುತ್ತಾಳೆ.

ಆ ಫೈಲು ಯಾರದೋ ಮದುವೆಯದು. ಅವರದೂ ಇನ್ಯಾರದೋ ಪತ್ರಿಕೆ ನೋಡಿ ಮಾಡಿದ್ದು. ಮೊಳೆ ಜೋಡಿಸುತ್ತಿದ್ದ ಕಾಲದಿಂದ ಆಫ್‌ಸೆಟ್ಟಿಗೆ, ಅಲ್ಲಿಂದ ಕಂಪ್ಯೂಟರಿಗೆ, ಈಗ ಮೊಬೈಲಿನ ಆ್ಯಪಿಗೆ ಅದೇ ಸಾಲು ನಕಲಾಗುತ್ತಾ ಬಂದಿದೆ. ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳಲಾರದ ಮಾತನ್ನು ಪತ್ರಿಕೆ ಏಳುನೂರು ಮನೆಗೆ ಹೋಗಿ ಹೇಳುತ್ತದೆ.

"ಅದು ಶಾಸ್ತ್ರ, ಶುಭಕಾರ್ಯದಾಗ ಹಂಗ ಬರಬಾರದು" ಅನ್ನುವ ಹಿರಿಯರಿದ್ದಾರೆ. ಅವರಿಗೆ ನನ್ನದು ಒಂದೇ ಮಾತು. ಕನ್ಯಾದಾನಕ್ಕೆ ದಂಪತಿ ಕೂರಬೇಕು ಅನ್ನುವುದು ಪುರೋಹಿತರ ಶಾಸ್ತ್ರ. ಅದರ ಮೇಲೆ ಬೇರೆ ವಾದ ಮಾಡೋಣ. ಆದರೆ ಧಾರೆ ಎರೆಯುವುದು ಬೇರೆ, 'ನನ್ನ ಮಗಳ ಮದುವೆಗೆ ಬನ್ನಿ' ಅಂತ ಕರೆಯುವುದು ಬೇರೆ. ಕರೆಯೋಲೆ ಅಚ್ಚಾಗುವುದು ಪ್ರೆಸ್ಸಿನಲ್ಲಿ, ಮಂಟಪದಲ್ಲಲ್ಲ. ಹೆತ್ತವಳು ಕರೆದರೆ ಅಶುಭ ಅಂತ ಯಾವ ಪಂಚಾಂಗದ ಸಾಲಿನಲ್ಲೂ ಇಲ್ಲ.

"ಗಂ.ಭಾ. ಅಂತ ಗೌರವದಿಂದ ಹಾಕತೀವಲ್ಲ, ಅದರಾಗೇನ ತಪ್ಪು?" ಅಂತಲೂ ಕೇಳುತ್ತಾರೆ. ಪಕ್ಕದ ಮಹಾರಾಷ್ಟ್ರದಲ್ಲಿ ಇದೇ ಚರ್ಚೆ ನಡೆದಿದೆ. 2023ರ ಏಪ್ರಿಲ್‌ನಲ್ಲಿ ಅಲ್ಲಿನ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವರು 'ವಿಧವೆ' ಅನ್ನುವ ಬದಲು 'ಗಂಗಾ ಭಾಗೀರಥಿ' ಅಂತ ಬಳಸುವ ಪ್ರಸ್ತಾಪ ಮುಂದಿಟ್ಟರು. ಕೂಡಲೇ ವಿರೋಧ ಬಂತು. ಹೆಸರಿನ ಮುಂದೆ ಹಣೆಪಟ್ಟಿಯೇ ಬೇಡ ಅನ್ನುತ್ತಿರುವಾಗ ಇನ್ನೊಂದು ಚೆಂದದ ಹಣೆಪಟ್ಟಿ ಯಾಕೆ ಅನ್ನುವುದು ವಿರೋಧಿಸಿದವರ ಪ್ರಶ್ನೆಯಾಗಿತ್ತು. ನನಗೂ ಅದು ಸರಿ ಅನಿಸುತ್ತದೆ.

ಅದೇ ಮಹಾರಾಷ್ಟ್ರದಲ್ಲಿ, ನಮ್ಮ ಗಡಿಗೆ ಹತ್ತಿರದಲ್ಲೇ, ಕೊಲ್ಹಾಪುರ ಜಿಲ್ಲೆ ಶಿರೋಳ ತಾಲ್ಲೂಕಿನ ಹೇರವಾಡ ಅಂತ ಒಂದು ಹಳ್ಳಿ ಇದೆ. 2022ರ ಮೇ ತಿಂಗಳಲ್ಲಿ ಆ ಊರಿನ ಪಂಚಾಯಿತಿ ಒಂದು ಠರಾವು ಮಾಡಿತು. ಗಂಡ ಸತ್ತಾಗ ಹೆಂಡತಿಯ ಬಳೆ ಒಡೆಯುವುದು, ಕುಂಕುಮ ಅಳಿಸುವುದು, ತಾಳಿ ತೆಗೆಯುವುದು ನಿಲ್ಲಬೇಕು ಅಂತ. ಅದೇ ತಿಂಗಳು ಮಹಾರಾಷ್ಟ್ರ ಸರ್ಕಾರ ಉಳಿದ ಪಂಚಾಯಿತಿಗಳೂ ಹೇರವಾಡದ ದಾರಿ ಹಿಡಿಯಲಿ ಅಂತ ಸುತ್ತೋಲೆ ಹೊರಡಿಸಿತು. ಬಳೆ, ಕುಂಕುಮದ ವಿಷಯದಲ್ಲೇ ಒಂದು ಹಳ್ಳಿ ಕುಂತು ತೀರ್ಮಾನ ಮಾಡಬಹುದಾದರೆ, ಪತ್ರಿಕೆಯ ಒಂದು ಸಾಲನ್ನು ಬದಲಿಸಲು ನಮಗೆ ಠರಾವೂ ಬೇಕಿಲ್ಲ.

ಪತ್ರಿಕೆ, ಮದುವೆ ಎರಡನ್ನೂ ಬೇರೆ ರೀತಿ ಮಾಡಿದವರು ನಮ್ಮ ನಾಡಿನಲ್ಲಿ ಹಿಂದೆಯೇ ಇದ್ದಾರೆ. ಕುವೆಂಪು 1966ರಲ್ಲಿ ಮಗ ತೇಜಸ್ವಿಯ ಮದುವೆಯನ್ನು ಮಂತ್ರ ಮಾಂಗಲ್ಯದ ರೀತಿಯಲ್ಲಿ ಸರಳವಾಗಿ ಮಾಡಿದರು. ಆ ದಾರಿಯಲ್ಲಿ ಇಂದಿಗೂ ಮದುವೆಗಳು ನಡೆಯುತ್ತವೆ. ಎಲ್ಲರೂ ಹಾಗೆಯೇ ಆಗಬೇಕು ಅಂತ ನಾನು ಹೇಳುತ್ತಿಲ್ಲ. ಹಂದರ, ಸುರಗಿ, ಅರಿಷಿಣ, ಬ್ಯಾಂಡು ಎಲ್ಲಾ ಇರಲಿ. ಕರೆಯುವವರ ಸಾಲಿನಲ್ಲಿ ಅವ್ವ ಇರಲಿ ಅನ್ನುವುದಷ್ಟೇ ನನ್ನ ಮಾತು.

ಪತ್ರಿಕೆ ಬರೀ ಕಾಗದ ಅಲ್ಲ

"ಒಂದ ದಿನದ ಕಾಗದಕ್ಕ ಇಷ್ಟ್ಯಾಕ?" ಅನ್ನಬಹುದು. ಒಂದು ದಿನದ್ದಲ್ಲ. ಉಪನೋಂದಣಾಧಿಕಾರಿ ಕಚೇರಿಗೆ ಮದುವೆ ನೋಂದಣಿಗೆ ಹೋದಾಗ ವಯಸ್ಸಿನ ದಾಖಲೆ, ವಿಳಾಸದ ದಾಖಲೆ, ಫೋಟೊ ಜೊತೆಗೆ ಸಾಮಾನ್ಯವಾಗಿ ಲಗ್ನಪತ್ರಿಕೆಯನ್ನೂ ಕೇಳುತ್ತಾರೆ. ಹಾಗಾಗಿ ವಧು-ವರರ ಹೆಸರು, ತಂದೆ-ತಾಯಿಯ ಹೆಸರು ಆಧಾರ್ ಕಾರ್ಡಿನಲ್ಲಿ, ಶಾಲೆಯ ದಾಖಲೆಯಲ್ಲಿ ಇರುವಂತೆಯೇ ಹಾಕಿಸಿ. ಮನೆಯಲ್ಲಿ ಕರೆಯುವ ಹೆಸರು ಬೇಕಿದ್ದರೆ ಪಕ್ಕದಲ್ಲಿ ಕಂಸದಲ್ಲಿ ಹಾಕಿಸಬಹುದು. ಮದುವೆ ಆದ ಮೇಲೆ ಹೆಣ್ಣಿನ ಹೆಸರನ್ನೇ ಬದಲಿಸಿ ಹೊಸ ಹೆಸರು ಅಚ್ಚು ಹಾಕಿಸುವ ಮನೆಗಳಿವೆ. ಆಮೇಲೆ ಕಚೇರಿ ಅಲೆಯುವವಳು ಆ ಹುಡುಗಿಯೇ.

ಪತ್ರಿಕೆಯಲ್ಲಿ ವಯಸ್ಸು ಎಲ್ಲೂ ಇರುವುದಿಲ್ಲ ಅನ್ನುವುದನ್ನೂ ಗಮನಿಸಿ. ಹದಿನಾರರ ಹುಡುಗಿಯ ಹೆಸರಿನ ಮುಂದೂ 'ಚಿ. ಕುಂ. ಸೌ.' ಅಂತ ಹಾಕಿದರೆ ಓದಿದವರಿಗೆ ಗೊತ್ತಾಗುವುದಿಲ್ಲ. ಬಾಲ್ಯವಿವಾಹ ನಿಷೇಧ ಕಾಯ್ದೆ 2006ರ ಪ್ರಕಾರ ಹುಡುಗಿಗೆ 18, ಹುಡುಗನಿಗೆ 21 ತುಂಬಿರಬೇಕು. ಕರ್ನಾಟಕ ಈ ಕಾಯ್ದೆಗೆ ತಂದ ತಿದ್ದುಪಡಿಯ ಪ್ರಕಾರ ನಮ್ಮ ರಾಜ್ಯದಲ್ಲಿ ಆಗುವ ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು, ಅಂದರೆ ಕಾನೂನಿನ ಕಣ್ಣಿನಲ್ಲಿ ಆ ಮದುವೆ ಆಗೇ ಇಲ್ಲ. ಮಾಡಿಸಿದವರು, ಕುಮ್ಮಕ್ಕು ಕೊಟ್ಟವರಿಗೆ ಎರಡು ವರ್ಷದವರೆಗೆ ಸಜೆ, ಒಂದು ಲಕ್ಷ ರೂಪಾಯಿವರೆಗೆ ದಂಡ ಆಗಬಹುದು. ಇಂಥ ಮದುವೆ ಕಂಡರೆ 1098ಕ್ಕೆ ಫೋನ್ ಮಾಡಬಹುದು. ಇದಕ್ಕಾಗಿಯೇ ವಯಸ್ಸಿನ ದಾಖಲೆ ನೋಡದೆ ಪತ್ರಿಕೆ ಅಚ್ಚು ಮಾಡಬಾರದು ಅಂತ ಜಿಲ್ಲಾಡಳಿತಗಳು ಪ್ರೆಸ್ಸಿನವರಿಗೆ ಸೂಚನೆ ಕೊಡುತ್ತವೆ.

ಅಂದರೆ ಪ್ರೆಸ್ಸಿನವರು ಒಂದು ಪ್ರಶ್ನೆಯನ್ನು ಆಗಲೇ ಕೇಳಬೇಕಾಗಿದೆ. "ಹುಡುಗಿ ವಯಸ್ಸೆಷ್ಟು?" ಅದರ ಜೊತೆ ಇನ್ನೊಂದು ಪ್ರಶ್ನೆ ಸೇರಿಸಲಿ. "ತಾಯಿ ಹೆಸರೇನ್ರಿ?" ಇದಕ್ಕೆ ಸರ್ಕಾರದ ಸೂಚನೆ ಬೇಡ.

ಹಾಗಾದರೆ ಹೇಗೆ ಬರೆಸುವುದು

ಇದು ದೊಡ್ಡ ಕ್ರಾಂತಿ ಅಲ್ಲ. ನಾಲ್ಕು ಸಣ್ಣ ಕೆಲಸ.

ಒಂದು, ಕರೆಯುವವರ ಸಾಲಿನಲ್ಲಿ ಹೆತ್ತವರಲ್ಲಿ ಬದುಕಿರುವವರ ಹೆಸರು ಮೊದಲು ಬರಲಿ. ತಂದೆ ಇಲ್ಲದಿದ್ದರೆ ತಾಯಿ, ತಾಯಿ ಇಲ್ಲದಿದ್ದರೆ ತಂದೆ. ಅದರ ಪಕ್ಕದಲ್ಲಿ ಓಡಾಡಿದ ಕಾಕಾ-ಚಿಗವ್ವ, ದೊಡ್ಡಪ್ಪ-ದೊಡ್ಡವ್ವ, ಸೋದರಮಾವ ಎಲ್ಲರ ಹೆಸರೂ ಇರಲಿ. ಅವರ ಹೆಸರು ತೆಗೆಯುವ ಮಾತೇ ಬೇಡ. ಅದರಿಂದ ಮನೆಯಲ್ಲಿ ಜಗಳವಾಗುತ್ತದೆ, ಅದು ನ್ಯಾಯವೂ ಅಲ್ಲ.

ಎರಡು, 'ದಿ. ಇಂಥವರ ಸುಪುತ್ರಿ' ಬದಲು 'ಶ್ರೀಮತಿ ಇಂಥವರು ಹಾಗೂ ದಿ. ಇಂಥವರ ಸುಪುತ್ರಿ' ಅಂತ ಬರೆಸಿ. ಒಂದು ಹೆಸರು ಹೆಚ್ಚಾದರೆ ಪ್ರೆಸ್ಸಿನವರು ಹೆಚ್ಚಿಗೆ ರೊಕ್ಕ ಕೇಳುವುದಿಲ್ಲ.

ಮೂರು, ಎಲ್ಲ ಹೆಂಗಸರಿಗೂ ಒಂದೇ ಅಕ್ಷರ ಇರಲಿ. ಗಂಡ ಇದ್ದವರಿಗೂ ಇಲ್ಲದವರಿಗೂ 'ಶ್ರೀಮತಿ' ಅಂತಲೇ ಹಾಕಿ. ಕೆಲವರಿಗೆ ಸೌ., ಕೆಲವರಿಗೆ ಶ್ರೀಮತಿ ಅಂತ ಬೆರೆಸಿದರೆ ಮತ್ತೆ ಹಳೆಯದೇ ಆಯಿತು. ಇಲ್ಲವೇ ಯಾವ ಅಕ್ಷರವೂ ಇಲ್ಲದೆ ಬರೀ ಹೆಸರು ಹಾಕಿದರೂ ನಡೆಯುತ್ತದೆ.

ನಾಲ್ಕು, ಪ್ರೂಫ್ ಬಂದಾಗ ಅದರ ಫೋಟೊ ತೆಗೆದು ಮನೆಗೆ ತನ್ನಿ. ಹೆಂಗಸರನ್ನು ಕೂರಿಸಿ ಗಟ್ಟಿಯಾಗಿ ಓದಿ ಹೇಳಿ. ಅಕ್ಷರ ಬಾರದವರೂ ತಮ್ಮ ಹೆಸರು ಬಂತೋ ಇಲ್ಲವೋ ಅಂತ ಕಿವಿಯಿಂದ ತಿಳಿಯುತ್ತಾರೆ. ಅವರು ಕೇಳಿದ ಮೇಲೆ ಪ್ರೆಸ್ಸಿಗೆ 'ಓಕೆ' ಹೇಳಿ. ನಾನು ಇದೊಂದನ್ನು ಮಾಡಿದ್ದರೆ ಸಾಕಿತ್ತು.

ಹೋದ ವರ್ಷ ನಮ್ಮ ಓಣಿಯ ಒಬ್ಬ ಹುಡುಗನ ಲಗ್ನ ಗೊತ್ತಾಯಿತು. ಅವನಿಗೂ ಅಪ್ಪ ಇಲ್ಲ. ಪತ್ರಿಕೆ ಬರೆದುಕೊಡಣ್ಣಾ ಅಂತ ನನ್ನ ಕಡೆಗೇ ಬಂದ. ಬರೆದುಕೊಟ್ಟೆ, ಅವನವ್ವನ ಹೆಸರಿನಿಂದ ಶುರು ಮಾಡಿ. ಅವನ ದೊಡ್ಡಪ್ಪ ಎರಡು ಸಲ ಓದಿದರು. "ಆಕೀ ಹೆಸರ ಮೊದಲ ಯಾಕ?" ಅಂದರು. "ನಿಮ್ಮದು ಬಾಜೂಕ ಐತಲ್ರಿ, ಮತ್ತ ಹೆತ್ತಾಕಿ ಆಕೀನ ಅಲ್ರಿ" ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ತಮ್ಮ ಹೆಸರಿನಲ್ಲಿ ಒಂದು ಒತ್ತು ತಪ್ಪಿದೆ ಅಂತ ತೋರಿಸಿದರು, ತಿದ್ದಿಸಿದೆವು. ಲಗ್ನ ಆಯಿತು. ಮಂದಿ ಬಂದರು, ಉಂಡರು, ಹೋದರು. ಪತ್ರಿಕೆಯ ಬಗ್ಗೆ ಯಾರೂ ಏನೂ ಅನ್ನಲಿಲ್ಲ.

ಆ ಪತ್ರಿಕೆ ನಮ್ಮ ಮನೆಗೂ ಬಂತು. ಅವ್ವ ಬಾಗಿಲ ಬೆಳಕಿಗೆ ಹಿಡಿದು ಬೆರಳಿಟ್ಟು ಓದಿದಳು. "ಮೊದಲ ಆಕೀ ಹೆಸರ ಬಂದೈತಲ್ಲ" ಅಂದಳು. ಹೌದು ಅಂದೆ. ಕಂಬದ ಮೊಳೆಗೆ ಸಿಕ್ಕಿಸಿ ಒಳಗೆ ಹೋದಳು.

ತಂಗಿಯ ಲಗ್ನಪತ್ರಿಕೆಯನ್ನು ನಾನೀಗ ತಿದ್ದಲಾರೆ. ಏಳುನೂರು ಮನೆಗೆ ಹೋಗಿದೆ. ನಿಮ್ಮ ಮನೆಯ ಪತ್ರಿಕೆ ಇನ್ನೂ ಅಚ್ಚಾಗಿಲ್ಲದಿದ್ದರೆ ಇವತ್ತೇ ಪ್ರೂಫ್ ತರಿಸಿ ಓದಿ.